ನೋವು ನುಂಗುವುದಷ್ಟೇ ಸಹನೆಯೇ?



ನಮ್ಮ ಮನೆಗಳಲ್ಲಿ ಮೇಲಿಂದ ಮೇಲೆ ಕೇಳಿಬರುವ ಒಂದು ಮಾತಿದೆ: “ಏನಿಲ್ಲ ಕಣಪ್ಪ, ಸ್ವಲ್ಪ ಕಾಲು ನೋವು, ಅಷ್ಟೆ.” ಈ ಮಾತನ್ನು ಹೆಚ್ಚಾಗಿ ಹೇಳುವವರು ತಾಯಂದಿರು. ಕೆಲವೊಮ್ಮೆ ದಿನವೆಲ್ಲ ನಿಂತು ಪಾಠ ಮಾಡಿ ಬಂದ ಶಿಕ್ಷಕರು, ವಾರ್ಡಿನಿಂದ ವಾರ್ಡಿಗೆ ಓಡಾಡಿ ದಣಿದ ದಾದಿಯರು. ಕೇಳಿಸಿಕೊಂಡ ನಾವು ‘ಕಾಲು ನೋವು’ ಎಂಬುದನ್ನು ಬಿಟ್ಟು, ‘ಅಷ್ಟೆ’ ಎಂಬ ಕೊನೆಯ ಪದವನ್ನು ಮಾತ್ರ ಹಿಡಿದುಕೊಂಡು ನಮ್ಮ ನಮ್ಮ ಕೆಲಸಕ್ಕೆ ಹೊರಡುತ್ತೇವೆ.

ದೊಡ್ಡ ಕಾಯಿಲೆ ಬಂದಾಗ ಹೀಗಾಗುವುದಿಲ್ಲ. ಯಾರಿಗಾದರೂ ಹೃದಯಾಘಾತವಾದರೆ ಧರ್ಮಕೇಂದ್ರದ ಗುರುಗಳು ಮನೆಗೆ ಬರುತ್ತಾರೆ, ಭಾನುವಾರದ ಬಲಿಪೂಜೆಯಲ್ಲಿ ಹೆಸರು ಹೇಳಿ ಪ್ರಾರ್ಥಿಸುತ್ತಾರೆ, ನೆರೆಹೊರೆಯವರು ಹಣ್ಣು ತೆಗೆದುಕೊಂಡು ಹೋಗುತ್ತಾರೆ. ಆದರೆ ಬಂದು ಹೋಗಿ, ಮತ್ತೆ ಬರುವ ಸಣ್ಣ ನೋವಿಗೆ ಯಾರೂ ಪ್ರಾರ್ಥನೆ ಕೋರುವುದಿಲ್ಲ. ಕೋರಲು ನಮಗೇ ಸಂಕೋಚ. ಹೀಗೆ ಅದನ್ನು ಒಬ್ಬರೇ ಹೊರುತ್ತಾರೆ. ಹೊರುವವರು ಭಕ್ತರಾಗಿದ್ದರೆ ಆ ಮೌನಕ್ಕೆ ಒಂದು ಪವಿತ್ರವಾದ ಹೆಸರನ್ನೂ ಕೊಟ್ಟುಕೊಳ್ಳುತ್ತಾರೆ: ಸಹನೆ.

ಅದು ನಿಜವಾಗಿಯೂ ಸಹನೆಯೇ? ಈ ವಾರ ಈ ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತೇನೆ. ಅದಕ್ಕೆ ಉದಾಹರಣೆಯಾಗಿ ಆಯ್ದುಕೊಂಡಿರುವುದು ತೀರ ಸಾಮಾನ್ಯವಾದ ಒಂದು ತೊಂದರೆ: ಹಿಂದೊಮ್ಮೆ ಬಿರುಕು ಬಿಟ್ಟು ವಾಸಿಯಾದ ಕಾಲಿನ ಗಿಣ್ಣು ವರ್ಷಗಳ ನಂತರವೂ ಮತ್ತೆ ಮತ್ತೆ ನೋಯುವುದು.

ಬೀಳದೆ ಒಡೆಯುವ ಮೂಳೆ

ಮೂಳೆ ಮುರಿಯಬೇಕಾದರೆ ಬೀಳಬೇಕು ಇಲ್ಲವೇ ಏಟು ಬೀಳಬೇಕು ಎಂದು ನಾವು ತಿಳಿದಿದ್ದೇವೆ. ಆದರೆ ಒಂದು ತಂತಿಯನ್ನು ಒಂದೇ ಜಾಗದಲ್ಲಿ ಬಗ್ಗಿಸಿ ನೆಟ್ಟಗೆ ಮಾಡಿ, ಮತ್ತೆ ಬಗ್ಗಿಸುತ್ತಾ ಹೋದರೆ ಏನಾಗುತ್ತದೆ? ಒಂದೊಂದು ಸಲದ ಬಲವೂ ಅಲ್ಪವೇ. ಕೊನೆಗೆ ತಂತಿ ತುಂಡಾಗುತ್ತದೆ. ಮೂಳೆಗೂ ಹಾಗೆಯೇ ಆಗಬಹುದು. ಜೀವಂತ ಮೂಳೆ ದಿನವೂ ಸವೆಯುತ್ತದೆ, ದಿನವೂ ತನ್ನನ್ನು ತಾನೇ ಕಟ್ಟಿಕೊಳ್ಳುತ್ತದೆ. ಕಟ್ಟುವ ಕೆಲಸಕ್ಕಿಂತ ಸವೆತ ವೇಗವಾದಾಗ ಕೂದಲೆಳೆಯಷ್ಟು ಸಣ್ಣ ಬಿರುಕು ಹುಟ್ಟುತ್ತದೆ. ವೈದ್ಯರು ಇದನ್ನು ಸ್ಟ್ರೆಸ್ ಫ್ರ್ಯಾಕ್ಚರ್ ಎನ್ನುತ್ತಾರೆ.

1855ರಲ್ಲಿ ಪ್ರಷ್ಯಾ ದೇಶದ ಸೈನ್ಯದ ವೈದ್ಯ ಬ್ರೈಟ್‌ಹಾಪ್ಟ್ ಎಂಬವರು ಇದನ್ನು ಮೊದಲು ಗುರುತಿಸಿ ಬರೆದರು. ದೂರದ ನಡಿಗೆ ಮುಗಿಸಿ ಬಂದ ಸೈನಿಕರ ಪಾದಗಳು ಊದಿಕೊಂಡು ನೋಯುತ್ತಿದ್ದವು. ಅವರು ಬಿದ್ದಿರಲಿಲ್ಲ, ಏಟು ತಿಂದಿರಲಿಲ್ಲ, ನಡೆದಿದ್ದರು ಅಷ್ಟೆ. ಕಾರಣ ಏನೆಂದು ಕಣ್ಣಿಗೆ ಕಂಡದ್ದು 1895ರಲ್ಲಿ ಎಕ್ಸ್-ರೇ ಕಂಡುಹಿಡಿದ ಮೇಲೆಯೇ. ಇಂದಿಗೂ ಈ ಬಿರುಕು ಮೊದಲ ಕೆಲವು ವಾರ ಎಕ್ಸ್-ರೇ ಚಿತ್ರದಲ್ಲಿ ಕಾಣದೇ ಹೋಗಬಹುದು. ಎಂ.ಆರ್.ಐ. ತೆಗೆದಾಗ ಬೆಳಕಿಗೆ ಬರುತ್ತದೆ. “ಎಕ್ಸ್-ರೇ ಚೆನ್ನಾಗಿದೆ, ನಿಮಗೇನೂ ಆಗಿಲ್ಲ” ಎಂಬ ಮಾತು ಎಲ್ಲ ಸಲವೂ ಕೊನೆಯ ಮಾತಲ್ಲ ಎಂಬುದನ್ನು ಇಲ್ಲೇ ನೆನಪಿಟ್ಟುಕೊಳ್ಳಿ.

ಸಾಮಾನ್ಯವಾಗಿ ಆರರಿಂದ ಎಂಟು ವಾರ ಭಾರ ಹಾಕದೆ ವಿಶ್ರಾಂತಿ ಕೊಟ್ಟರೆ ಬಿರುಕು ಕೂಡಿಕೊಳ್ಳುತ್ತದೆ. ಗಿಣ್ಣಿನ ಒಳಬದಿಯ ಮೂಳೆ, ಪಾದದ ನಡುವಿನ ಕೆಲವು ಮೂಳೆಗಳು ಇನ್ನೂ ಹೆಚ್ಚು ಕಾಲ ತೆಗೆದುಕೊಳ್ಳುತ್ತವೆ. ನಮ್ಮ ಕರ್ನಾಟಕದ ವೇಗದ ಬೌಲರ್ ಪ್ರಸಿದ್ಧ್ ಕೃಷ್ಣ ಅವರಿಗೆ 2022ರಲ್ಲಿ ಇಂಥದೇ ಬಿರುಕು ಬೆನ್ನುಮೂಳೆಯಲ್ಲಿ ಆಯಿತು. ಶಸ್ತ್ರಚಿಕಿತ್ಸೆ ಪಡೆದು ಸುಮಾರು ಒಂದು ವರ್ಷ ಆಟದಿಂದ ದೂರ ಉಳಿದು, 2023ರ ಆಗಸ್ಟ್‌ನಲ್ಲಿ ಐರ್ಲೆಂಡ್ ಪ್ರವಾಸದಲ್ಲಿ ಅವರು ಭಾರತ ತಂಡಕ್ಕೆ ಮರಳಿದರು. ಹರೆಯದ ದೇಹ, ಒಳ್ಳೆಯ ವೈದ್ಯರು, ಬೇರೆ ಕೆಲಸವಿಲ್ಲದ ಬಿಡುವು ಎಲ್ಲವೂ ಇದ್ದವರಿಗೇ ಒಂದು ವರ್ಷ ಬೇಕಾಯಿತು. ಐವತ್ತು ದಾಟಿದ, ಬೆಳಗಿನಿಂದ ರಾತ್ರಿಯವರೆಗೆ ಅಡುಗೆಮನೆಯ ಕಲ್ಲುನೆಲದ ಮೇಲೆ ನಿಲ್ಲುವ ತಾಯಿಯಿಂದ ಮಾತ್ರ ನಾವು ಎರಡೇ ವಾರದಲ್ಲಿ ಗುಣವನ್ನು ನಿರೀಕ್ಷಿಸುತ್ತೇವೆ.

ಮೂಳೆ ಕೂಡಿಕೊಂಡ ಮೇಲೂ ನೋವು ಏಕೆ ಮರಳುತ್ತದೆ? ಕಾರಣಗಳು ಹಲವು. ಕಟ್ಟು ಹಾಕಿದ್ದ ವಾರಗಳಲ್ಲಿ ಮೀನಖಂಡದ ಸ್ನಾಯು ಸೊರಗಿರುತ್ತದೆ, ಕೀಲು ಬಿಗಿದುಕೊಂಡಿರುತ್ತದೆ. ನೋವಿಗೆ ಹೆದರಿ ಕಾಲನ್ನು ವಾರೆಯಾಗಿ ಇಡುವ ಅಭ್ಯಾಸ ಉಳಿದುಬಿಟ್ಟಿರುತ್ತದೆ. ಕೀಲಿನೊಳಗಿನ ಮೃದ್ವಸ್ಥಿ ಸವೆದಿರಬಹುದು. ದೇಹದಲ್ಲಿ ಡಿ ವಿಟಮಿನ್ ಕಡಿಮೆ ಇರಬಹುದು. ಮುಟ್ಟು ನಿಂತ ಮಹಿಳೆಯರಲ್ಲಿ ಮೂಳೆಯೇ ತೆಳುವಾಗಿರಬಹುದು. ಕೆಲವೊಮ್ಮೆ ಹಳೆಯ ಬಿರುಕು ಪೂರ್ತಿ ಕೂಡಿಯೇ ಇರುವುದಿಲ್ಲ, ಅಥವಾ ಹೊಸ ಬಿರುಕು ಬಂದಿರುತ್ತದೆ. ಇವುಗಳಲ್ಲಿ ಯಾವುದು ಎಂದು ಹೇಳಬೇಕಾದವರು ವೈದ್ಯರು. ಆದರೆ ಅವರ ಬಳಿಗೆ ಹೋಗಬೇಕೋ ಬೇಡವೋ ಎಂಬ ತೀರ್ಮಾನ ಮನೆಯಲ್ಲಿ ಆಗುತ್ತದೆ. ಅಲ್ಲಿಯೇ ನಮ್ಮ ಪ್ರಶ್ನೆ ಹುಟ್ಟುವುದು.

ಹರಕೆ ಹೊತ್ತ ಕಾಲು

ನಮ್ಮ ಮೈಸೂರಿನ ಒಬ್ಬ ತಾಯಿಯನ್ನು ಕಲ್ಪಿಸಿಕೊಳ್ಳಿ. ಕೆಲವು ವರ್ಷಗಳ ಹಿಂದೆ, ತೂಕ ಇಳಿಸಬೇಕೆಂದು ವೈದ್ಯರು ಹೇಳಿದ್ದರಿಂದ ಆಕೆ ಬೆಳಗಿನ ಹೊತ್ತು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತತೊಡಗಿದರು. ಅಭ್ಯಾಸವಿಲ್ಲದ ಕಾಲು, ಸವೆದ ಚಪ್ಪಲಿ, ಸಾವಿರ ಮೆಟ್ಟಿಲು. ಒಂದೇ ತಿಂಗಳಲ್ಲಿ ಗಿಣ್ಣಿನಲ್ಲಿ ಬಿರುಕು ಬಂತು. ಕಟ್ಟು ಹಾಕಿಸಿಕೊಂಡರು, ವಾಸಿಯಾಯಿತು. ಆಮೇಲೆ ಮಳೆಗಾಲಕ್ಕೊಮ್ಮೆ, ಹಬ್ಬದ ಓಡಾಟಕ್ಕೊಮ್ಮೆ ನೋವು ಮರಳುತ್ತದೆ. ಯಾರಿಗೂ ಹೇಳುವುದಿಲ್ಲ.

ಮಗನಿಗೆ ಕೆಲಸ ಸಿಕ್ಕರೆ ಡೋರನಹಳ್ಳಿಯ ಸಂತ ಅಂತೋಣಿಯವರ ಪುಣ್ಯಕ್ಷೇತ್ರಕ್ಕೆ ಮೈಸೂರಿನಿಂದ ನಡೆದೇ ಬರುತ್ತೇನೆ ಎಂದು ಆಕೆ ಹರಕೆ ಹೊತ್ತಿದ್ದಾರೆ. ಕೆ.ಆರ್. ನಗರದ ಕಡೆಗಿರುವ ಆ ದೇವಾಲಯಕ್ಕೆ, 2019ರಲ್ಲಿ ಬಸಿಲಿಕದ ಪದವಿ ಪಡೆದ ಆ ಕ್ಷೇತ್ರಕ್ಕೆ, ಜೂನ್ 13ರ ಹಬ್ಬದಂದು ಜಾತಿಮತದ ಭೇದವಿಲ್ಲದೆ ಜನ ಸೇರುವುದನ್ನು ನೀವೆಲ್ಲ ಬಲ್ಲಿರಿ. ಮಗನಿಗೆ ಕೆಲಸ ಸಿಕ್ಕಿತು. ಹಬ್ಬ ಹತ್ತಿರ ಬಂತು. ಗಿಣ್ಣು ಮತ್ತೆ ಊದಿಕೊಂಡಿದೆ. ಆಕೆ ನಡೆಯಬೇಕೇ?

“ದೇವರಿಗೆ ಕೊಟ್ಟ ಮಾತು, ನಡೆಯಲೇಬೇಕು. ನೋವಾದರೆ ಆಗಲಿ, ಪ್ರಭುವಿನ ಶಿಲುಬೆಗೆ ಹೋಲಿಸಿದರೆ ಇದೇನು ಮಹಾ?” ಎಂದು ಆಕೆಯ ಮನಸ್ಸು ಹೇಳುತ್ತದೆ. ಈ ಮಾತಿನಲ್ಲಿರುವ ಪ್ರೀತಿಯನ್ನು ಯಾರೂ ಹಗುರವಾಗಿ ಕಾಣಬಾರದು. ಮಾತು ಕೊಟ್ಟರೆ ಉಳಿಸಿಕೊಳ್ಳಬೇಕೆನ್ನುವ ನಿಷ್ಠೆ ಇಂದಿನ ದಿನಗಳಲ್ಲಿ ಅಪರೂಪ. ಆದರೂ ಆ ಮಾತಿನಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಬೆರೆತುಹೋಗಿವೆ. ಒಂದು, ನಮ್ಮ ಮೇಲೆ ತಾನಾಗಿ ಬಂದ ನೋವನ್ನು ದೇವರಿಗೆ ಅರ್ಪಿಸುವುದು. ಇನ್ನೊಂದು, ಅರ್ಪಿಸುವುದಕ್ಕಾಗಿ ನೋವನ್ನು ನಾವೇ ಹೆಚ್ಚಿಸಿಕೊಳ್ಳುವುದು. ಮೊದಲನೆಯದನ್ನು ಧರ್ಮಸಭೆ ಎಂದಿನಿಂದಲೂ ಕಲಿಸಿದೆ. ಎರಡನೆಯದರ ಬಗ್ಗೆ ಅದು ಬಹಳ ಎಚ್ಚರಿಕೆಯಿಂದ ಮಾತನಾಡುತ್ತದೆ.

ಕುಂಟುತ್ತಾ ನಡೆದ ಸಂತರು

ಈ ಎಚ್ಚರಿಕೆಯನ್ನು ತನ್ನ ಕಾಲಿನಿಂದಲೇ ಕಲಿತ ಸಂತರೊಬ್ಬರಿದ್ದಾರೆ. ಅವರು ಲೊಯೋಲಾದ ಸಂತ ಇಗ್ನೇಷಿಯಸ್. 1521ರ ಮೇ 20ರಂದು ಸ್ಪೇನಿನ ಪಾಂಪ್ಲೋನಾ ಕೋಟೆಯ ಕಾಳಗದಲ್ಲಿ ಫಿರಂಗಿಯ ಗುಂಡು ಅವರ ಒಂದು ಕಾಲನ್ನು ಮುರಿದು ಇನ್ನೊಂದನ್ನು ಗಾಯಗೊಳಿಸಿತು. ಮನೆಗೆ ಹೊತ್ತು ತಂದರು. ಮೂಳೆ ಸರಿಯಾಗಿ ಕೂಡಿಲ್ಲವೆಂದು ಮತ್ತೆ ಮುರಿದು ಕೂಡಿಸಿದರು. ವಾಸಿಯಾದ ಮೇಲೆ ಮೊಣಕಾಲಿನ ಕೆಳಗೆ ಮೂಳೆಯ ತುದಿಯೊಂದು ಉಬ್ಬಿ ನಿಂತಿತ್ತು. ಆಸ್ಥಾನದ ಯುವಕರು ತೊಡುವ ಅಂದದ ಬೂಟು ಅದರ ಮೇಲೆ ಕೂರುವುದಿಲ್ಲವೆಂಬ ಒಂದೇ ಕಾರಣಕ್ಕೆ ಆ ಮೂಳೆಯನ್ನು ಗರಗಸದಿಂದ ಕೊಯ್ಯಿಸಿಕೊಂಡರು. ಅರಿವಳಿಕೆ ಇಲ್ಲದ ಕಾಲ ಅದು. ಅವರು ಹಲ್ಲು ಕಚ್ಚಿ ಸಹಿಸಿದರು.

ಯೋಚಿಸಿ, ಆ ಸಹನೆ ಎಂಥದು? ನೋವು ನುಂಗುವ ಶಕ್ತಿಯೇ ಸದ್ಗುಣವಾಗಿದ್ದರೆ, ಇಗ್ನೇಷಿಯಸ್ ಮನಪರಿವರ್ತನೆಗೆ ಮೊದಲೇ ಸಂತರಾಗಿದ್ದರು! ಒಣ ಜಂಬಕ್ಕಾಗಿ ಕೂಡ ಮನುಷ್ಯ ಭಾರೀ ನೋವನ್ನು ತಡೆದುಕೊಳ್ಳಬಲ್ಲ. ಹಾಗಾದರೆ ಎಷ್ಟು ನೋವು ಎಂಬ ಲೆಕ್ಕದಿಂದ ಸಹನೆಯನ್ನು ಅಳೆಯಲಾಗದು. ಯಾತಕ್ಕಾಗಿ, ಯಾರಿಗಾಗಿ ಎಂದು ಕೇಳಬೇಕಾಗುತ್ತದೆ.

ಹಾಸಿಗೆಯಲ್ಲಿದ್ದ ಆ ತಿಂಗಳುಗಳಲ್ಲಿ ಕ್ರಿಸ್ತರ ಜೀವನಚರಿತ್ರೆಯನ್ನೂ ಸಂತರ ಕಥೆಗಳನ್ನೂ ಓದಿ ಅವರ ಬದುಕು ತಿರುಗಿತು. ಮುಂದೆ ಮನ್ರೇಸಾ ಎಂಬ ಊರಿನಲ್ಲಿ ಅತಿಯಾದ ಉಪವಾಸ, ಜಾಗರಣೆ, ದಂಡನೆಗಳಿಂದ ದೇಹವನ್ನು ಹಣ್ಣು ಮಾಡಿಕೊಂಡರು. ಆಗ ಕೆಟ್ಟ ಆರೋಗ್ಯ ಆಮೇಲೂ ಅವರನ್ನು ಕಾಡಿತು. ಆ ಅನುಭವದಿಂದ ಬಂದ ಒಂದು ಮಾತು ಅವರ ‘ಆಧ್ಯಾತ್ಮಿಕ ಸಾಧನೆಗಳು’ ಗ್ರಂಥದಲ್ಲಿದೆ. ತಪಸ್ಸಿನ ನೋವು ಮೈಗೆ ತಿಳಿಯುವಷ್ಟಿದ್ದರೆ ಸಾಕು, ಅದು ಮೂಳೆಗೆ ಇಳಿಯಬಾರದು, ಕಾಯಿಲೆಯನ್ನು ತರಬಾರದು ಎಂಬುದು ಅದರ ತಾತ್ಪರ್ಯ. ಬಿರುಕು ಬಿಟ್ಟ ಮೂಳೆಯುಳ್ಳವರಿಗೆ ಇದಕ್ಕಿಂತ ನೇರವಾದ ಉಪದೇಶ ಬೇಕೇ?

ಹೀಗೆಂದ ಮಾತ್ರಕ್ಕೆ ಇಗ್ನೇಷಿಯಸ್ ಮನೆಯಲ್ಲಿ ಕಾಲು ಚಾಚಿ ಕುಳಿತವರಲ್ಲ. ಸ್ವಲ್ಪ ಕುಂಟುತ್ತಲೇ ನಡೆದರು. 1528ರಲ್ಲಿ ಸ್ಪೇನಿನಿಂದ ಪ್ಯಾರಿಸ್ಸಿಗೆ ಕಾಲ್ನಡಿಗೆಯಲ್ಲಿ ಹೋಗಿ ಮುಟ್ಟಿದರು. ತಮ್ಮ ಜೀವನವನ್ನು ಹೇಳಿಕೊಳ್ಳುವಾಗ ತಮ್ಮನ್ನು ‘ಯಾತ್ರಿಕ’ ಎಂದೇ ಕರೆದುಕೊಂಡರು. ಅವರು ಕಟ್ಟಿದ ಯೇಸುಸಭೆಯ ಲಿಯೊನಾರ್ಡೊ ಚಿನ್ನಮಿ ಎಂಬ ಗುರುಗಳು 17ನೆಯ ಶತಮಾನದ ನಡುಭಾಗದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ನಿಗೆ ಅಡಿಪಾಯ ಹಾಕಿದರು. ಕುಂಟುವ ಒಬ್ಬ ಯಾತ್ರಿಕರ ಹೆಜ್ಜೆ ನಮ್ಮ ಊರಿನ ಬಾಗಿಲವರೆಗೂ ಬಂದಿದೆ ಎನ್ನಬಹುದು.

ಹರಕೆಯ ಬಗ್ಗೆ ಧರ್ಮಸಭೆ ಏನು ಹೇಳುತ್ತದೆ?

ಈಗ ಆ ತಾಯಿಯ ಹರಕೆಗೆ ಬರೋಣ. ಹರಕೆಯನ್ನು ಮುರಿದರೆ ಕೇಡಾಗುತ್ತದೆ ಎಂಬ ಭಯ ನಮ್ಮಲ್ಲಿ ಆಳವಾಗಿ ಬೇರೂರಿದೆ. ಆದರೆ ಧರ್ಮಸಭೆಯ ತಿಳುವಳಿಕೆ ಭಯದ ಮೇಲೆ ನಿಂತದ್ದಲ್ಲ. 1983ರ ಧರ್ಮಸಭೆಯ ಕಾನೂನು ಸಂಹಿತೆ 1191ನೇ ನಿಯಮದಲ್ಲಿ ಹರಕೆ ಎಂದರೇನೆಂದು ವಿವರಿಸುತ್ತದೆ. ಅದು ಸ್ವತಂತ್ರವಾಗಿ, ಯೋಚಿಸಿ, ದೇವರಿಗೆ ಕೊಟ್ಟ ಮಾತಾಗಿರಬೇಕು. ಕೊಟ್ಟ ಮಾತು ಸಾಧ್ಯವಾದುದೂ ಹೆಚ್ಚಿನ ಒಳಿತೂ ಆಗಿರಬೇಕು. ಅಂಥ ಹರಕೆಯನ್ನು ತೀರಿಸಲೇಬೇಕು, ಅದರಲ್ಲಿ ಅನುಮಾನವಿಲ್ಲ.

ಆದರೆ ಪರಿಸ್ಥಿತಿ ಬದಲಾದರೆ? ಅದಕ್ಕೂ ದಾರಿಯಿದೆ. ಹರಕೆಯ ವಿಷಯವೇ ಮೂಲಭೂತವಾಗಿ ಬದಲಾದರೆ ಹರಕೆ ಕೊನೆಗೊಳ್ಳುತ್ತದೆ ಎಂದು 1194ನೇ ನಿಯಮ ಹೇಳುತ್ತದೆ. ನ್ಯಾಯವಾದ ಕಾರಣವಿದ್ದರೆ ಖಾಸಗಿ ಹರಕೆಯಿಂದ ಬಿಡುಗಡೆ ಕೊಡುವ ಅಧಿಕಾರ ನಿಮ್ಮ ಧರ್ಮಕೇಂದ್ರದ ಗುರುಗಳಿಗೇ ಇದೆ ಎಂದು 1196ನೆಯದು. 1197ನೆಯದು ಇನ್ನೂ ಸರಳ. ಖಾಸಗಿ ಹರಕೆ ಹೊತ್ತವರು ತಾವೇ ಅದನ್ನು ಅಷ್ಟೇ ಒಳ್ಳೆಯ ಅಥವಾ ಅದಕ್ಕಿಂತ ಒಳ್ಳೆಯ ಇನ್ನೊಂದು ಕಾರ್ಯಕ್ಕೆ ಬದಲಾಯಿಸಿಕೊಳ್ಳಬಹುದು.

ಹಾಗಾದರೆ ಆ ತಾಯಿಗೆ ನಾವು ಹೇಳಬಹುದಾದದ್ದು ಇಷ್ಟು: ಮೊದಲು ಗುರುಗಳ ಬಳಿ ಮನಬಿಚ್ಚಿ ಮಾತನಾಡಿ. ಬಸ್ಸಿನಲ್ಲಿ ಡೋರನಹಳ್ಳಿಗೆ ಹೋಗಿ ಬಲಿಪೂಜೆಯಲ್ಲಿ ಭಾಗವಹಿಸಿ. ನಡೆಯಲಾಗದ ಆ ದೂರಕ್ಕೆ ಬದಲಾಗಿ, ಕೆಲಸವಿಲ್ಲದ ಇನ್ನೊಬ್ಬ ತಾಯಿಯ ಮಗನಿಗೆ ಒಂದು ತಿಂಗಳ ಬಸ್ ಪಾಸು ಕೊಡಿಸಿ. ಸಂತ ಅಂತೋಣಿಯವರ ಹೆಸರಿನಲ್ಲಿ ಬಡವರಿಗೆ ರೊಟ್ಟಿ ಹಂಚುವ ಪದ್ಧತಿ ನಮ್ಮಲ್ಲಿ ಹಿಂದಿನಿಂದಲೂ ಇದೆ. ಅವರ ಭಕ್ತರಿಗೆ ಇಂಥ ಹರಕೆ ಹೊಸದಲ್ಲ. ಇಲವಾಲ ದಾಟುವ ಮೊದಲೇ ಕಾಲು ಊದಿ ರಸ್ತೆ ಬದಿಯಲ್ಲಿ ಕುಳಿತು ಅಳುವುದರಿಂದ ಸಂತರಿಗಾಗಲಿ ಪ್ರಭುವಿಗಾಗಲಿ ಏನು ಮಹಿಮೆ?

ಇದೇ ಮಾತು ಮೊಣಕಾಲೂರುವುದಕ್ಕೂ ಸಲ್ಲುತ್ತದೆ. ಬಲಿಪೂಜೆಯ ವಿಧಿನಿಯಮಗಳೇ ಅನಾರೋಗ್ಯದವರಿಗೆ ಮೊಣಕಾಲೂರುವುದರಿಂದ ವಿನಾಯಿತಿ ಕೊಟ್ಟಿವೆ. ತಪಸ್ಸುಕಾಲದ ಶಿಲುಬೆಯ ಹಾದಿಯಲ್ಲಿ ಒಬ್ಬರು ಬೆಂಚಿನಲ್ಲೇ ಕುಳಿತು ಹದಿನಾಲ್ಕು ಸ್ಥಳಗಳನ್ನೂ ಧ್ಯಾನಿಸಿದರೆ ಹಿಂದಿನ ಸಾಲಿನಲ್ಲಿ ಪಿಸುಗುಟ್ಟುವ ಅಗತ್ಯವಿಲ್ಲ.

ಶಿಲುಬೆಯ ಹಾದಿಯ ಮಾತು ಬಂದದ್ದರಿಂದ ಐದನೆಯ ಸ್ಥಳವನ್ನು ನೆನೆಯಿರಿ. ಸಿರೇನ್ಯದ ಸಿಮೋನ ಪ್ರಭುವಿನ ಶಿಲುಬೆಗೆ ಹೆಗಲು ಕೊಡುತ್ತಾನೆ. ಲೋಕವನ್ನೇ ಹೊತ್ತವರು ಆ ಹೆಗಲನ್ನು ತಳ್ಳಲಿಲ್ಲ. “ನನ್ನ ಶಿಲುಬೆಯನ್ನು ನಾನೊಬ್ಬನೇ ಹೊರುತ್ತೇನೆ” ಎನ್ನಲಿಲ್ಲ. ಹಾಗಿರುವಾಗ ಮಗಳು ನೀರಿನ ಬಿಂದಿಗೆಗೆ ಕೈ ಚಾಚಿದರೆ “ಬಿಡು, ನಾನೇ ತರ್ತೀನಿ” ಎಂದು ಕಿತ್ತುಕೊಳ್ಳುವ ನಾವು ಪ್ರಭುವಿಗಿಂತ ಗಟ್ಟಿಗರೇ? ನೆರವು ಬೇಡವೆನ್ನುವುದರಲ್ಲಿ ಎಷ್ಟೋ ಸಲ ಸಹನೆಗಿಂತ ಸ್ವಾಭಿಮಾನವೇ ಹೆಚ್ಚಿರುತ್ತದೆ. ಮೊಣಕಾಲಿನ ನೋವಿನಿಂದಾಗಿ ಪೋಪ್ ಫ್ರಾನ್ಸಿಸ್‌ರವರು 2022ರ ಮೇ ತಿಂಗಳಿನಿಂದ ಗಾಲಿಕುರ್ಚಿಯಲ್ಲಿ ಜನರ ಮುಂದೆ ಬಂದರು. 2025ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ಮುಚ್ಚಿಡಲಿಲ್ಲ. ಊರುಗೋಲು ಹಿಡಿಯಲು ನಾಚುವವರು ಇದನ್ನು ನೆನಪಿಟ್ಟುಕೊಂಡರೆ ಸಾಕು.

ಇನ್ನೊಂದು ಅತಿ

ಇಷ್ಟು ಓದಿದ ಮೇಲೆ ಕೆಲವರು ಹೇಳಬಹುದು: “ಹಾಗಾದರೆ ನೋವೆಂದರೆ ಸಾಕು, ಹಾಸಿಗೆ ಹಿಡಿಯೋಣ!” ಅದೂ ಸರಿಯಲ್ಲ. 1992ರಲ್ಲಿ ಹೊರಬಂದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ ಎರಡು ಮಾತುಗಳನ್ನು ಅಕ್ಕಪಕ್ಕದಲ್ಲೇ ಇಟ್ಟಿದೆ. 2288ನೇ ಪರಿಚ್ಛೇದದಲ್ಲಿ ಪ್ರಾಣವೂ ದೇಹಾರೋಗ್ಯವೂ ದೇವರು ನಮ್ಮ ಕೈಗೆ ಒಪ್ಪಿಸಿದ ಕೊಡುಗೆಗಳು, ಅವನ್ನು ವಿವೇಕದಿಂದ ನೋಡಿಕೊಳ್ಳಬೇಕು ಎನ್ನುತ್ತದೆ. ಮುಂದಿನ ಪರಿಚ್ಛೇದದಲ್ಲೇ ದೇಹವನ್ನೇ ದೇವರನ್ನಾಗಿ ಮಾಡಿಕೊಳ್ಳಬೇಡಿ ಎಂದು ಎಚ್ಚರಿಸುತ್ತದೆ. ಒಂದು ಗಿಣ್ಣಿನ ಸುತ್ತ ಇಡೀ ಮನೆ ತಿರುಗುವಂತೆ ಮಾಡುವುದು, ನೋವನ್ನು ಮುಂದಿಟ್ಟು ಸೊಸೆಯನ್ನು ಹೆದರಿಸುವುದು, ಕಾಲು ಹಾಳಾದೀತೆಂಬ ಅಂಜಿಕೆಯಿಂದ ನಾಲ್ಕು ಹೆಜ್ಜೆಯನ್ನೂ ಇಡದಿರುವುದು, ಇವೆಲ್ಲ ಆ ಎಚ್ಚರಿಕೆಯೊಳಗೆ ಬರುತ್ತವೆ. ವೈದ್ಯಶಾಸ್ತ್ರವೂ ಇದನ್ನು ಒಪ್ಪುತ್ತದೆ. ಪೂರ್ತಿ ವಿಶ್ರಾಂತಿಯಲ್ಲೇ ಇರುವ ಮೂಳೆ ಸೊರಗುತ್ತದೆ. ಹದವಾದ ಭಾರ ಬಿದ್ದಾಗಲೇ ಅದು ಗಟ್ಟಿಯಾಗುವುದು.

ಸಂತ ಪೌಲರ ದೇಹದಲ್ಲೂ ಒಂದು ಮುಳ್ಳು ಚುಚ್ಚುತ್ತಿತ್ತೆಂದು ಕೊರಿಂಥಿಯರಿಗೆ ಬರೆದ ಎರಡನೆಯ ಪತ್ರದಿಂದ ತಿಳಿಯುತ್ತದೆ. ಅದನ್ನು ತೆಗೆದುಬಿಡಬೇಕೆಂದು ಅವರು ಮೂರು ಸಲ ಬೇಡಿದರು. ಮುಳ್ಳು ಹೋಗಲಿಲ್ಲ, ಹೊರುವ ಕೃಪೆ ಬಂತು. ಈ ಭಾಗವನ್ನು ನಾವು ಪ್ರವಚನಗಳಲ್ಲಿ ಬಹಳ ಸಲ ಕೇಳಿದ್ದೇವೆ. ಆದರೆ ಅದೇ ಪೌಲರ ಹೆಸರಿನ ಪತ್ರದಲ್ಲಿ ತಿಮೊಥೇಯನ ಹೊಟ್ಟೆನೋವಿಗೆ ಸ್ವಲ್ಪ ದ್ರಾಕ್ಷಾರಸ ಕುಡಿಯುವಂತೆ ಮನೆಮದ್ದಿನ ಸಲಹೆಯೂ ಇದೆ. ಸಿರಾಖನ ಗ್ರಂಥದ 38ನೆಯ ಅಧ್ಯಾಯ ಕಾಯಿಲೆಯಲ್ಲಿ ಪ್ರಾರ್ಥಿಸಬೇಕು, ವೈದ್ಯನಿಗೂ ಎಡೆಕೊಡಬೇಕು ಎಂದು ಕಲಿಸುತ್ತದೆ. ಪ್ರಾರ್ಥನೆ ಮತ್ತು ಔಷಧಿಯಲ್ಲಿ ಒಂದನ್ನು ಆಯ್ದುಕೊಳ್ಳಿ ಎಂದು ಪವಿತ್ರ ಗ್ರಂಥ ನಮಗೆ ಹೇಳಿಲ್ಲ.

ದಿನದಿನದ ಆರೈಕೆ

ಹಾಗಾದರೆ ಮರಳಿ ಮರಳಿ ಬರುವ ನೋವಿಗೆ ನಿಜವಾದ ಸಹನೆ ಹೇಗಿರುತ್ತದೆ? ಅದು ಬಹಳ ಸಪ್ಪೆಯಾಗಿರುತ್ತದೆ. ಅದರಲ್ಲಿ ಶೌರ್ಯ ಕಾಣಿಸುವುದಿಲ್ಲ. ದಿನವೂ ಮಾಡಬೇಕಾದ ಸಣ್ಣ ಸಣ್ಣ ಕೆಲಸಗಳಲ್ಲೇ ಅದು ಇರುವುದು.

ಮೊದಲನೆಯದು, ನೋವನ್ನು ಗುರುತಿಸುವುದು. ಬೆಳಿಗ್ಗೆ ಎದ್ದಾಗ ಬಿಗಿತವಿದ್ದು ನಾಲ್ಕು ಹೆಜ್ಜೆಯಲ್ಲಿ ಸಡಿಲವಾದರೆ ಸಾಮಾನ್ಯವಾಗಿ ಅದು ಕೀಲಿನ ಮತ್ತು ಸ್ನಾಯುವಿನ ಮಾತು. ಆದರೆ ಮೂಳೆಯ ಒಂದೇ ಬಿಂದುವನ್ನು ಬೆರಳಿಂದ ಒತ್ತಿದರೆ ಚುರುಕ್ಕೆನ್ನುವುದು, ನಡೆದಷ್ಟೂ ನೋವು ಏರುತ್ತಾ ಹೋಗುವುದು, ಮಲಗಿದಾಗಲೂ ರಾತ್ರಿ ನೋಯುವುದು, ಊತ ಇಳಿಯದಿರುವುದು, ಕಾಲೂರಲು ಆಗದಿರುವುದು, ಇವುಗಳಲ್ಲಿ ಯಾವುದಿದ್ದರೂ ಭಾರ ಹಾಕುವುದನ್ನು ನಿಲ್ಲಿಸಿ ಮೂಳೆ ವೈದ್ಯರನ್ನು ಕಾಣಬೇಕು. ಇಂಥ ಹೊತ್ತಿನಲ್ಲಿ ಬಲವಾಗಿ ಎಣ್ಣೆ ತಿಕ್ಕಿಸುವುದು, ಎಳೆದು ಕಟ್ಟು ಹಾಕಿಸುವುದು ಬೇಡ.

ಎರಡನೆಯದು, ಲೆಕ್ಕ ಇಡುವುದು. ಒಂದು ದಿನದ ನಡಿಗೆಯಿಂದ ಬಂದ ಅಲ್ಪ ನೋವು ಮರುದಿನ ಬೆಳಗಿನ ಹೊತ್ತಿಗೆ ಇಳಿದಿದ್ದರೆ ಅಷ್ಟು ನಡಿಗೆ ಕಾಲಿಗೆ ಒಗ್ಗಿದೆ. ಇಳಿಯದಿದ್ದರೆ ಆ ದಿನ ಕಡಿಮೆ ಮಾಡಬೇಕು. ಹೆಚ್ಚಿಸುವುದಾದರೆ ವಾರಕ್ಕೆ ಹತ್ತರಲ್ಲಿ ಒಂದು ಪಾಲಿನಷ್ಟು ಮಾತ್ರ ಹೆಚ್ಚಿಸುವುದು ರೂಢಿಯ ಸಲಹೆ. ಬೆಟ್ಟದ ಮೆಟ್ಟಿಲಿಗಿಂತ ಮೊದಲು ಕುಕ್ಕರಹಳ್ಳಿ ಕೆರೆಯ ಸಮತಟ್ಟಾದ ದಾರಿ ಒಳ್ಳೆಯದು. ಅಲ್ಲಿಯೂ ಮೊದಲ ದಿನವೇ ಸುತ್ತು ಪೂರ್ತಿ ಮಾಡುವ ಹಟ ಬೇಡ.

ಮೂರನೆಯದು, ಸೊರಗಿದ ಸ್ನಾಯುವನ್ನು ಮತ್ತೆ ಕಟ್ಟುವುದು. ವೈದ್ಯರು ಒಪ್ಪಿದ ಮೇಲೆ ಗೋಡೆ ಹಿಡಿದು ಎರಡೂ ಹಿಮ್ಮಡಿ ಎತ್ತಿ ನಿಧಾನವಾಗಿ ಇಳಿಸುವುದು, ಕೆಲವು ವಾರಗಳ ನಂತರ ಒಂದೇ ಕಾಲಿನಲ್ಲಿ ಹಾಗೆ ಮಾಡುವುದು, ಒಂಟಿ ಕಾಲಿನಲ್ಲಿ ಅರ್ಧ ನಿಮಿಷ ನಿಲ್ಲಲು ಕಲಿಯುವುದು. ಕುರ್ಚಿಯಲ್ಲಿ ಕುಳಿತು ಕಾಲ್ಬೆರಳ ತುದಿಯಿಂದ ಗಾಳಿಯಲ್ಲಿ ಅ ಆ ಇ ಈ ಬರೆಯುತ್ತಾ ಹೋದರೆ ಕೀಲು ಎಲ್ಲ ದಿಕ್ಕಿಗೂ ತಿರುಗುತ್ತದೆ. ಮೊಮ್ಮಕ್ಕಳನ್ನೂ ಜೊತೆಗೆ ಕೂರಿಸಿಕೊಂಡರೆ ಅವರಿಗೆ ಅಕ್ಷರಾಭ್ಯಾಸವೂ ಆಯಿತು! ಜಪಸರದಲ್ಲಿ ಅದೇ ಪ್ರಾರ್ಥನೆಯನ್ನು ದಿನವೂ ಹೇಳಲು ಬೇಸರಿಸದವರು ಅದೇ ವ್ಯಾಯಾಮಕ್ಕೆ ಏಕೆ ಬೇಸರಿಸಬೇಕು?

ನಾಲ್ಕನೆಯದು, ಪಾದರಕ್ಷೆ ಮತ್ತು ಆಹಾರ. ಅಟ್ಟೆ ಸವೆದ ತೆಳು ರಬ್ಬರ್ ಚಪ್ಪಲಿ ಹಿಮ್ಮಡಿಯನ್ನು ಹಿಡಿದಿಡುವುದಿಲ್ಲ. ಹಬ್ಬಕ್ಕೆ ಸೀರೆ ಕೊಡಿಸುವ ಮಕ್ಕಳು ಈ ಸಲ ಅಮ್ಮನಿಗೆ ಹಿಮ್ಮಡಿ ಬಿಗಿಯಾಗಿ ಕೂರುವ, ಮೆತ್ತನೆಯ ಅಟ್ಟೆಯ ಜೋಡು ಕೊಡಿಸಲಿ. ನಮ್ಮ ರಾಗಿಯಲ್ಲಿ ನೂರು ಗ್ರಾಂಗೆ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಮುದ್ದೆಯನ್ನು ಬಡವರ ಊಟವೆಂದು ಬಿಟ್ಟವರು ಮತ್ತೆ ತಟ್ಟೆಗೆ ತರಬಹುದು. ಮುಟ್ಟು ನಿಂತ ಮಹಿಳೆಯರು ಡಿ ವಿಟಮಿನ್ ಮತ್ತು ಮೂಳೆಯ ಸಾಂದ್ರತೆಯ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಲಿ. ಬೀಡಿ ಸಿಗರೇಟು ಮೂಳೆ ಕೂಡುವುದನ್ನು ನಿಧಾನಗೊಳಿಸುತ್ತವೆ ಎಂಬುದು ಗಂಡಸರಿಗೆ. ನೋವಿನ ಮಾತ್ರೆಯನ್ನು ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗುವುದು ಹೊಟ್ಟೆಗೂ ಮೂತ್ರಪಿಂಡಕ್ಕೂ ಅಪಾಯ.

ಇದರಲ್ಲಿ ಯಾವುದೂ ಒಂದೇ ದಿನದಲ್ಲಿ ಫಲ ಕೊಡುವುದಿಲ್ಲ. ಎಷ್ಟೋ ಮಂದಿಗೆ ನೋವು ಪೂರ್ತಿ ಹೋಗದೆ ಅಪರೂಪದ ಅತಿಥಿಯಾಗಿ ಉಳಿಯಲೂಬಹುದು. ಹೋಗದ ಆ ಪಾಲನ್ನೇ ನಾವು ದೇವರ ಕೈಗೆ ಒಪ್ಪಿಸುವುದು. ಮಾಡಬೇಕಾದ ಆರೈಕೆಯನ್ನು ಮಾಡಿದ ಮೇಲೆ ಉಳಿದ ನೋವು ಅರ್ಪಣೆಗೆ ಯೋಗ್ಯವಾದದ್ದು. ಆರೈಕೆಯನ್ನೇ ಮಾಡದೆ ಅರ್ಪಿಸಿದ್ದು, ಅರ್ಧ ನಮ್ಮ ಸೋಮಾರಿತನದ ಪಾಲು.

ಮನೆಯವರ ಪಾಲು

ಕೊನೆಯದಾಗಿ ಒಂದು ಮಾತು, ನೋವಿಲ್ಲದವರಿಗೆ. ಹಳೆಯ ಬಿರುಕು ಹೊರಗೆ ಕಾಣುವುದಿಲ್ಲ. ಕಟ್ಟಿಲ್ಲ, ಗಾಯವಿಲ್ಲ. ನಿನ್ನೆ ಮಾರುಕಟ್ಟೆಗೆ ನಡೆದುಹೋದವರು ಇಂದು ಮೆಟ್ಟಿಲಿಳಿಯಲಾರೆ ಎಂದರೆ “ಬೇಕಾದಾಗ ನೋವು, ಬೇಡವಾದಾಗ ಇಲ್ಲ” ಎಂಬ ಮಾತು ನಮ್ಮ ನಾಲಿಗೆಯ ತುದಿಗೆ ಬರುತ್ತದೆ. ಮರಳಿ ಬರುವ ನೋವಿನ ಸ್ವಭಾವವೇ ಹಾಗೆ. ಅದು ಭಾರ ಬಿದ್ದ ದಿನ ಸುಮ್ಮನಿದ್ದು ಮರುದಿನ ಲೆಕ್ಕ ಕೇಳುತ್ತದೆ. ತಾಯಂದಿರು ನೋವನ್ನು ಮುಚ್ಚಿಡುವುದಕ್ಕೆ ಭಕ್ತಿಗಿಂತ ಹೆಚ್ಚಾಗಿ ಈ ಅನುಮಾನದ ಭಯವೇ ಕಾರಣವಾಗಿದ್ದರೆ, ಆ ಮೌನದ ಪಾಪ ಅವರದಲ್ಲ, ನಮ್ಮದು.

ಇನ್ನೊಬ್ಬರ ನೋವನ್ನು ನಂಬುವುದು ಒಂದು ದಾನ. ಅದಕ್ಕೆ ಹಣ ಬೇಕಿಲ್ಲ. “ಈಗ ಎಲ್ಲಿ ನೋಯುತ್ತೆ, ತೋರಿಸಮ್ಮ” ಎಂದು ನೆಲದ ಮೇಲೆ ಕುಳಿತು ಕೇಳಲು ಎರಡು ನಿಮಿಷ ಸಾಕು. ನಿಂತು ಮಾಡುವ ಕೆಲಸದಲ್ಲಿ ಅರ್ಧವನ್ನು ಮನೆಯ ಗಂಡಸರು ಹಂಚಿಕೊಂಡರೆ, ಅಡುಗೆಮನೆಯಲ್ಲಿ ಒಂದು ಎತ್ತರದ ಸ್ಟೂಲು ಹಾಕಿಕೊಟ್ಟರೆ, ಔಷಧಿಗಿಂತ ಅದೇ ಹೆಚ್ಚು ಕೆಲಸ ಮಾಡೀತು. ನಮ್ಮ ಸಂತ ಫಿಲೋಮಿನಾ ಪ್ರಧಾನಾಲಯದಲ್ಲಿ ಸಂತರ ಸ್ವರೂಪವಿರುವ ನೆಲಮಾಳಿಗೆಗೆ ಇಳಿಯುವ ಮೆಟ್ಟಿಲುಗಳನ್ನು ನೀವು ಬಲ್ಲಿರಿ. ಗಿಣ್ಣು ನೋಯುವವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಮುಂದಿನ ಸಲ ಅಲ್ಲಿ ನಿಮ್ಮ ಮುಂದೆ ಯಾರಾದರೂ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದರೆ ಹಿಂದಿನಿಂದ ಅವಸರ ಮಾಡಬೇಡಿ. ನಿಮ್ಮ ಕೈ ಕೊಡಿ.

ಪ್ರತಿ ವರ್ಷ ಫೆಬ್ರವರಿ 11ರಂದು ನಾವು ವಿಶ್ವ ರೋಗಿಗಳ ದಿನವನ್ನು ಆಚರಿಸುತ್ತೇವೆ. ಪೋಪ್ ಎರಡನೆಯ ಜಾನ್ ಪೌಲರು ಆರಂಭಿಸಿದ ಈ ದಿನವನ್ನು 1993ರಲ್ಲಿ ಮೊದಲ ಬಾರಿಗೆ ಆಚರಿಸಲಾಯಿತು. ಅಂದು ಆಸ್ಪತ್ರೆಯ ಹಾಸಿಗೆಗಳ ಬಳಿ ಹೋಗುವಂತೆಯೇ ನಮ್ಮ ಮನೆಯ ಅಡುಗೆಮನೆಗೂ ಒಮ್ಮೆ ಹೋಗೋಣ. ಅಲ್ಲಿ ಒಂಟಿ ಕಾಲಿಗೆ ಭಾರ ಕೊಟ್ಟು ನಿಂತವರು ಯಾರಾದರೂ ಇದ್ದಾರೆಯೇ ಎಂದು ನೋಡೋಣ. ನೋಯುತ್ತಿರುವ ನೀವು ಕೂಡ ಇಂದು ಸಂಜೆ ಕುಟುಂಬ ಪ್ರಾರ್ಥನೆಗೆ ಕೂತಾಗ ನಿಮ್ಮ ಕಾಲಿನ ಹೆಸರನ್ನೂ ಹೇಳಿ ಪ್ರಾರ್ಥನೆ ಕೋರಿ. ಸಂಕೋಚ ಬೇಡ. ನಮ್ಮ ಪ್ರಭು ತಮ್ಮ ಶಿಷ್ಯರ ಪಾದಗಳನ್ನು ಬಗ್ಗಿ ತೊಳೆದವರು. ನಿಮ್ಮ ಪಾದದ ನೋವು ಅವರಿಗೆ ಸಣ್ಣದಲ್ಲ.